ತನ್ನ ಕಾಯಿಲೆಯಿಂದಲೇ ಪಾಠ ಕಲಿತ ವೈದ್ಯ: ರಾಬಿನ್ ಲಾರೆನ್ಸ್

ಮಕ್ಕಳೇ, ನವೆಂಬರ್ 14 ಎಂದರೆ ನಿಮಗೆ ಮಕ್ಕಳ ದಿನಾಚರಣೆ. ಅದೇ ದಿನ ಪ್ರಪಂಚದಾದ್ಯಂತ ವಿಶ್ವ ಮಧುಮೇಹ ದಿನವನ್ನೂ ಆಚರಿಸುತ್ತಾರೆ. ಅದು ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಅವರ ಜನ್ಮದಿನ. ಬ್ಯಾಂಟಿಂಗ್ ಅವರ ಹೆಸರನ್ನು ನೀವು ಕೇಳಿರಬಹುದು. ಆದರೆ ಆ ಔಷಧಿಯನ್ನು ಚುಚ್ಚಿಕೊಂಡು ದಿನದಿನವೂ ಬದುಕುವುದು ಹೇಗೆ ಎಂಬುದನ್ನು ಸಾವಿರಾರು ರೋಗಿಗಳಿಗೆ ಕಲಿಸಿಕೊಟ್ಟ ವೈದ್ಯರೊಬ್ಬರಿದ್ದರು. ಅವರಿಗೂ ಅದೇ ಕಾಯಿಲೆ ಇತ್ತು. ಅವರೇ ರಾಬರ್ಟ್ ಡೇನಿಯಲ್ ಲಾರೆನ್ಸ್. ಗೆಳೆಯರೆಲ್ಲ ಅವರನ್ನು ರಾಬಿನ್ ಎಂದು ಕರೆಯುತ್ತಿದ್ದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲಾರೆನ್ಸ್ ಅವರು 1892ರ ನವೆಂಬರ್ 18ರಂದು ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಜನಿಸಿದರು. ಮೊದಲು ಅವರು ಓದಿದ್ದು ಫ್ರೆಂಚ್ ಮತ್ತು ಇಂಗ್ಲಿಷ್ ಸಾಹಿತ್ಯ. ಸ್ವಲ್ಪ ಕಾಲ ಬಟ್ಟೆ ಅಂಗಡಿಯಲ್ಲೂ ಕೆಲಸ ಮಾಡಿದರು. ಅದು ಹಿಡಿಸಲಿಲ್ಲ. ಆಮೇಲೆ ವೈದ್ಯಕೀಯ ಓದಲು ಸೇರಿ 1916ರಲ್ಲಿ ಪದವಿ ಪಡೆದರು. ಓದಿನಲ್ಲಿ ಎಷ್ಟು ಚುರುಕೋ ಆಟದಲ್ಲೂ ಅಷ್ಟೇ ಚುರುಕು. ಹಾಕಿ, ಟೆನಿಸ್ ಎಂದರೆ ಬಹಳ ಇಷ್ಟ.

ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಲಾರೆನ್ಸ್ ಸೈನ್ಯದ ವೈದ್ಯರಾಗಿ ಭಾರತದ ಗಡಿ ಪ್ರದೇಶಕ್ಕೂ ಬಂದಿದ್ದರು. ಯುದ್ಧ ಮುಗಿದ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯನ್ನು ಸೇರಿ, ಶಸ್ತ್ರಚಿಕಿತ್ಸಕರಾಗುವ ಕನಸು ಕಂಡರು.

ಒಂದು ಮೂಳೆ ಚೂರು

1920ರಲ್ಲಿ ಒಂದು ದಿನ ಅವರು ಕಿವಿಯ ಹಿಂದಿನ ಮೂಳೆಯ ಶಸ್ತ್ರಚಿಕಿತ್ಸೆಯನ್ನು ಅಭ್ಯಾಸ ಮಾಡುತ್ತಿದ್ದರು. ಉಳಿಯ ಏಟಿಗೆ ಮೂಳೆಯ ಚೂರೊಂದು ಸಿಡಿದು ಅವರ ಕಣ್ಣಿಗೆ ಬಿತ್ತು. ಕಣ್ಣಿಗೆ ಕೀವು ತುಂಬಿ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ರೋಗಿಗಳೆಲ್ಲರ ಮೂತ್ರವನ್ನು ಪರೀಕ್ಷಿಸುವುದು ವಾಡಿಕೆ. ಲಾರೆನ್ಸ್ ಅವರ ಮೂತ್ರವನ್ನೂ ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆ ಕಾಣಿಸಿತು. ಅವರಿಗೆ ಮಧುಮೇಹವಿತ್ತು. ಕಣ್ಣಿನ ದೃಷ್ಟಿ ಕುಂದಿತು, ಶಸ್ತ್ರಚಿಕಿತ್ಸಕರಾಗುವ ಆಸೆಯೂ ಅಲ್ಲಿಗೆ ಮುಗಿಯಿತು.

ಈ ಕಾಯಿಲೆಯಲ್ಲಿ ಆಗುವುದೇನು? ನಾವು ತಿನ್ನುವ ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಶರ್ಕರಪಿಷ್ಟ ಹೊಟ್ಟೆಯಲ್ಲಿ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ರಕ್ತದಲ್ಲಿ ಹರಿದು ಜೀವಕೋಶಗಳ ಬಾಗಿಲಿಗೆ ಬರುತ್ತದೆ. ಆ ಬಾಗಿಲು ತೆರೆಯಲು ಬೇಕಾದ ಕೀಲಿಕೈಯೇ ಇನ್ಸುಲಿನ್. ಇದನ್ನು ತಯಾರಿಸುವುದು ಜಠರದ ಹಿಂದಿರುವ ಮೇದೋಜೀರಕ ಗ್ರಂಥಿ. ಮೊದಲನೆಯ ಬಗೆಯ ಮಧುಮೇಹದಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುತ್ತದೆ. ಕೀಲಿಕೈ ಇಲ್ಲ, ಬಾಗಿಲು ತೆರೆಯುವುದಿಲ್ಲ. ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳಿಗೆ ಉಪವಾಸ! ಪದೇ ಪದೇ ಮೂತ್ರ, ತಡೆಯಲಾಗದ ಬಾಯಾರಿಕೆ, ತೂಕ ಇಳಿಯುವುದು, ಸುಸ್ತು ಇದರ ಲಕ್ಷಣಗಳು.

ಆಗ ಇದಕ್ಕೆ ಔಷಧಿಯೇ ಇರಲಿಲ್ಲ. ಊಟವನ್ನು ತೀರಾ ಕಡಿಮೆ ಮಾಡಿ, ಸಾವನ್ನು ಕೆಲವು ದಿನ ಮುಂದೂಡುವುದೊಂದೇ ದಾರಿ. ಲಾರೆನ್ಸ್ ಅವರೂ ಅರೆಹೊಟ್ಟೆಯಲ್ಲೇ ದಿನ ದೂಡಿದರು. ತಾನು ಹೆಚ್ಚು ದಿನ ಬದುಕುವುದಿಲ್ಲ ಎಂದು ಅವರಿಗೆ ತಿಳಿದಿತ್ತು. ಮನೆಯವರ ಕಣ್ಣೆದುರು ಸಾಯುವುದು ಬೇಡವೆಂದು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿ ನೆಲೆಸಿದರು.

ತಂತಿ ಬಂತು

ಅತ್ತ ಕೆನಡಾದ ಟೊರೊಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಅವರ ಸಹಾಯಕ ಚಾರ್ಲ್ಸ್ ಬೆಸ್ಟ್, ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಸಾರ ತೆಗೆದು ಪ್ರಯೋಗ ನಡೆಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಚುಚ್ಚಿದರು. ಮೊದಲ ಸಲ ಹೆಚ್ಚು ಪ್ರಯೋಜನವಾಗಲಿಲ್ಲ. ಜೇಮ್ಸ್ ಕಾಲಿಪ್ ಎಂಬ ವಿಜ್ಞಾನಿ ಅದನ್ನು ಮತ್ತಷ್ಟು ಶುದ್ಧಗೊಳಿಸಿಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ.

1923ರ ಮೇ ತಿಂಗಳು. ಫ್ಲಾರೆನ್ಸ್‌ನಲ್ಲಿ ಲಾರೆನ್ಸ್ ತೀರಾ ಬಳಲಿದ್ದರು. ಆಗ ಕಿಂಗ್ಸ್ ಕಾಲೇಜು ಆಸ್ಪತ್ರೆಯ ಗೆಳೆಯ ಡಾ. ಹ್ಯಾರಿಸನ್ ಅವರಿಂದ ತಂತಿ ಬಂತು. ಇನ್ಸುಲಿನ್ ಸಿಕ್ಕಿದೆ, ಅದು ಕೆಲಸ ಮಾಡುತ್ತಿದೆ, ಬೇಗ ಹಿಂತಿರುಗಬೇಕು ಎಂದು ಅದರಲ್ಲಿತ್ತು. ಲಾರೆನ್ಸ್ ಕಾರಿನಲ್ಲಿ ಹೊರಟು, ಯೂರೋಪಿನ ಉದ್ದಕ್ಕೂ ಸಾಗಿ ಮೇ 28ರಂದು ಲಂಡನ್ ತಲುಪಿದರು. ಮೇ 31ರಂದು ಅವರಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಸಿಕ್ಕಿತು. ಮುಗಿದೇ ಹೋಯಿತು ಎಂದುಕೊಂಡಿದ್ದ ಬದುಕು ಮತ್ತೆ ಆರಂಭವಾಯಿತು.

ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ

ಇನ್ಸುಲಿನ್ ಸಿಕ್ಕ ಮೇಲೆ ಎಲ್ಲವೂ ಸರಿಹೋಯಿತೇ? ಇಲ್ಲ. ಆರೋಗ್ಯವಂತರ ದೇಹ ಬೇಕಾದಷ್ಟೇ ಇನ್ಸುಲಿನ್ನನ್ನು ಬೇಕಾದಾಗ ಸುರಿಸುತ್ತದೆ. ಚುಚ್ಚಿಕೊಂಡ ಇನ್ಸುಲಿನ್‌ಗೆ ಆ ಜಾಣತನವಿಲ್ಲ. ನಾವು ಊಟ ಮಾಡಿದರೂ ಮಾಡದಿದ್ದರೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕಡಿಮೆ ಚುಚ್ಚಿಕೊಂಡರೆ ಸಕ್ಕರೆ ಏರಿ, ವರ್ಷಗಳು ಕಳೆದಂತೆ ಕಣ್ಣು, ಮೂತ್ರಪಿಂಡ, ನರಗಳು ಹಾಳಾಗುತ್ತವೆ. ಹೆಚ್ಚು ಚುಚ್ಚಿಕೊಂಡರೆ ಸಕ್ಕರೆ ಥಟ್ಟನೆ ಇಳಿದು ಕೈಕಾಲು ನಡುಗುತ್ತವೆ, ಬೆವರು ಬರುತ್ತದೆ, ಪ್ರಜ್ಞೆಯೂ ತಪ್ಪಬಹುದು. ಇದು ಹಗ್ಗದ ಮೇಲಿನ ನಡಿಗೆಯಂತೆ.

ಈ ನಡಿಗೆಯನ್ನು ಲಾರೆನ್ಸ್ ತಮ್ಮ ದೇಹದಲ್ಲೇ ಕಲಿತರು. ಅಂದಿನ ರೋಗಿಗಳು ಬೆನೆಡಿಕ್ಟ್ ದ್ರಾವಣದಿಂದ ಮೂತ್ರವನ್ನು ಪರೀಕ್ಷಿಸುತ್ತಿದ್ದರು. ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಬೇಕು. ಸಕ್ಕರೆ ಇಲ್ಲದಿದ್ದರೆ ಬಣ್ಣ ನೀಲಿಯಾಗಿಯೇ ಉಳಿಯುತ್ತದೆ. ಸಕ್ಕರೆ ಹೆಚ್ಚಿದಂತೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಆದರೆ ರಕ್ತದಲ್ಲಿ ಸಕ್ಕರೆ ಬಹಳ ಏರಿದಾಗ ಮಾತ್ರ ಅದು ಮೂತ್ರಕ್ಕೆ ಬರುತ್ತದೆ. ಹಾಗಾಗಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದದ್ದು ಈ ಪರೀಕ್ಷೆಯಿಂದ ತಿಳಿಯುತ್ತಿರಲಿಲ್ಲ.

ಊಟದ ಲೆಕ್ಕಕ್ಕೆ ಲಾರೆನ್ಸ್ ಸುಲಭ ಉಪಾಯವೊಂದನ್ನು ಹೂಡಿದರು. ಆಹಾರಗಳನ್ನು ಕಪ್ಪು ಭಾಗ, ಕೆಂಪು ಭಾಗ ಎಂದು ವಿಂಗಡಿಸಿದರು. ಒಂದು ಕಪ್ಪು ಭಾಗದಲ್ಲಿ 10 ಗ್ರಾಂ ಶರ್ಕರಪಿಷ್ಟ ಇರುತ್ತಿತ್ತು. ಕೆಂಪು ಭಾಗದಲ್ಲಿ ಪ್ರೋಟೀನ್ ಮತ್ತು ಕೊಬ್ಬು. ಹೆಚ್ಚು ಓದದವರೂ ತಮ್ಮ ತಟ್ಟೆಯ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದಿತ್ತು. ವ್ಯಾಯಾಮ ಮಾಡಿದಾಗ ಇನ್ಸುಲಿನ್‌ನ ಪರಿಣಾಮ ಹೆಚ್ಚುತ್ತದೆ ಎಂಬುದನ್ನು 1926ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಅಂದರೆ ಮಧುಮೇಹವಿರುವವರು ಆಡಬಾರದೆಂದಲ್ಲ, ಆಟಕ್ಕೆ ತಕ್ಕಂತೆ ಆಹಾರ, ಇನ್ಸುಲಿನ್‌ಗಳನ್ನು ಹೊಂದಿಸಿಕೊಳ್ಳಬೇಕು.

1925ರಲ್ಲಿ ಅವರ ಪುಸ್ತಕ ಪ್ರಕಟವಾಯಿತು. ಅದು ವೈದ್ಯರಿಗೂ ರೋಗಿಗಳಿಗೂ ಒಟ್ಟಿಗೇ ಬರೆದ ಪುಸ್ತಕ. ವೈದ್ಯರು ರೋಗಿಯನ್ನು ನೋಡುವುದು ತಿಂಗಳಿಗೊಮ್ಮೆ. ಉಳಿದ ದಿನಗಳಲ್ಲಿ ತನ್ನನ್ನು ನೋಡಿಕೊಳ್ಳಬೇಕಾದವನು ರೋಗಿಯೇ. ಆದ್ದರಿಂದ ಅವನಿಗೆ ಎಲ್ಲವೂ ತಿಳಿದಿರಬೇಕು ಎಂಬುದು ಲಾರೆನ್ಸ್ ಅವರ ನಂಬಿಕೆಯಾಗಿತ್ತು.

ಎಲ್ಲರಿಗೂ ಸಿಗಬೇಕು

ಕಾಯಿಲೆಗೆ ಶ್ರೀಮಂತ, ಬಡವ ಎಂಬ ಭೇದವಿಲ್ಲ. ಆದರೆ ಔಷಧಿಗೆ ಹಣ ಬೇಕು. 1934ರಲ್ಲಿ ಲಾರೆನ್ಸ್ ಮತ್ತು ಪ್ರಸಿದ್ಧ ಲೇಖಕ ಎಚ್.ಜಿ. ವೆಲ್ಸ್ ಸೇರಿ ಬ್ರಿಟನ್ನಿನಲ್ಲಿ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದರು. ವೆಲ್ಸ್ ಅವರಿಗೂ ಮಧುಮೇಹವಿತ್ತು. ಆ ಸಂಘ ಇಂದಿಗೂ ಡಯಾಬಿಟಿಸ್ ಯುಕೆ ಎಂಬ ಹೆಸರಿನಲ್ಲಿದೆ. 1950ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ರಚನೆಯಾದಾಗ ಲಾರೆನ್ಸ್ ಅವರೇ ಅದರ ಮೊದಲ ಅಧ್ಯಕ್ಷರಾದರು.

ಸಾಯಲೆಂದು ಊರು ಬಿಟ್ಟಿದ್ದ ತರುಣ ಆಮೇಲೆ ಮದುವೆಯಾದರು, ಮೂವರು ಗಂಡುಮಕ್ಕಳ ತಂದೆಯಾದರು. ಇನ್ಸುಲಿನ್ ಸಹಾಯದಿಂದ 45 ವರ್ಷ ಬಾಳಿ, 1968ರ ಆಗಸ್ಟ್‌ನಲ್ಲಿ ತಮ್ಮ 75ನೆಯ ವಯಸ್ಸಿನಲ್ಲಿ ನಿಧನರಾದರು.

ಇಂದು ಏನು ಬದಲಾಗಿದೆ?

ಲಾರೆನ್ಸ್ ಕಾಲದ ಇನ್ಸುಲಿನ್ ದನ, ಹಂದಿಗಳ ಗ್ರಂಥಿಯಿಂದ ಬರುತ್ತಿತ್ತು. ಇಂದು ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳ ಸಹಾಯದಿಂದ ಅದನ್ನು ತಯಾರಿಸುತ್ತಾರೆ. ಗ್ಲೂಕೋಮೀಟರ್ ಎಂಬ ಪುಟ್ಟ ಯಂತ್ರ ಒಂದು ಹನಿ ರಕ್ತದಿಂದ ಕೆಲವೇ ಸೆಕೆಂಡುಗಳಲ್ಲಿ ಸಕ್ಕರೆಯ ಪ್ರಮಾಣ ತಿಳಿಸುತ್ತದೆ. ಚರ್ಮಕ್ಕೆ ಅಂಟಿಸಿಕೊಂಡು ದಿನವಿಡೀ ಅಳೆಯುವ ಸಾಧನಗಳೂ ಬಂದಿವೆ. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 70ರಿಂದ 180 ಮಿಲಿಗ್ರಾಂ ನಡುವೆ ದಿನದ ಹೆಚ್ಚು ಹೊತ್ತು ಇರಲಿ ಎಂಬುದು ಸಾಮಾನ್ಯ ಗುರಿ. ವಯಸ್ಸು, ಆರೋಗ್ಯ ನೋಡಿ ಪ್ರತಿಯೊಬ್ಬರ ಗುರಿಯನ್ನು ವೈದ್ಯರು ನಿಗದಿ ಮಾಡುತ್ತಾರೆ. ಒಂದು ದಿನ ಗುರಿ ತಪ್ಪಿದರೆ ಅದು ಪರೀಕ್ಷೆಯಲ್ಲಿ ಫೇಲಾದಂತಲ್ಲ. ಜ್ವರ, ಆಟ, ಚಿಂತೆ, ತಡವಾದ ಊಟ ಎಲ್ಲವೂ ಸಕ್ಕರೆಯನ್ನು ಏರಿಳಿಸುತ್ತವೆ. ಕಾರಣ ಹುಡುಕಿ ಮುಂದಿನ ಸಲ ಸರಿಪಡಿಸಿಕೊಂಡರಾಯಿತು.

ನಿಮ್ಮ ತರಗತಿಯಲ್ಲೂ ಇರಬಹುದು

ನಿಮ್ಮ ಗೆಳೆಯನಿಗೋ ಗೆಳತಿಗೋ ಈ ಕಾಯಿಲೆ ಇರಬಹುದು. ಇದು ಅಂಟುರೋಗವಲ್ಲ. ಸಿಹಿ ಹೆಚ್ಚು ತಿಂದದ್ದರಿಂದ ಬಂದದ್ದೂ ಅಲ್ಲ. ಅವರ ಜೊತೆ ಕುಳಿತು ಊಟ ಮಾಡಿ, ಆಟಕ್ಕೆ ಸೇರಿಸಿಕೊಳ್ಳಿ. ಪಾಠದ ನಡುವೆ ಅವರು ಏನಾದರೂ ತಿಂದರೆ, ಪದೇ ಪದೇ ನೀರು ಕುಡಿದರೆ, ಹೊರಗೆ ಹೋದರೆ ನಗಬೇಡಿ.

ಅವರಿಗೆ ಇದ್ದಕ್ಕಿದ್ದಂತೆ ನಡುಕ, ಬೆವರು, ತಲೆಸುತ್ತು ಬಂದರೆ ಸಕ್ಕರೆ ಇಳಿದಿರಬಹುದು. ಕೂಡಲೇ ಶಿಕ್ಷಕರಿಗೆ ತಿಳಿಸಿ. ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಅವರನ್ನು ಒಂಟಿಯಾಗಿ ಬಿಡಬಾರದು. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೆ ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಈ ವಿಷಯವನ್ನು ಮನೆಯಲ್ಲೂ ಹೇಳಿ. ಯಾವುದೇ ಮಗು ವಿಪರೀತ ನೀರು ಕುಡಿಯುತ್ತಾ, ಪದೇ ಪದೇ ಮೂತ್ರಕ್ಕೆ ಹೋಗುತ್ತಾ, ಸೊರಗುತ್ತಿದ್ದರೆ ತಡಮಾಡದೆ ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಲಾರೆನ್ಸ್ ಅವರು ಇನ್ಸುಲಿನ್‌ಗಾಗಿ ಮೂರು ವರ್ಷ ಕಾಯಬೇಕಾಯಿತು. ಇಂದಿನ ಮಕ್ಕಳು ಕಾಯಬೇಕಾಗಿಲ್ಲ.