ಆರ್ಶಿಲ್ ಗಾರ್ಕಿಯ ಗುರುಶುಶ್ರೂಷೆ

ಚಿತ್ರಕಲೆಯ ಪಾಠ ಹೇಳಿಕೊಂಡು ಬಂದವನಾದ್ದರಿಂದ, ಅಮೂರ್ತ ಚಿತ್ರವನ್ನು ಬರೆಯಲು ಕಲಿಯುವುದು ಹೇಗೆಂಬ ಪ್ರಶ್ನೆಯನ್ನು ನಾನು ಆಗಾಗ ಎದುರಿಸಬೇಕಾಗುತ್ತದೆ. ಕೇಳುವ ತರುಣರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಒಂದು ಭಾವನೆ ಆಗಲೇ ಬೇರೂರಿರುತ್ತದೆ. ಆಕೃತಿಯನ್ನು ಬಿಟ್ಟ ಮೇಲೆ ಅಭ್ಯಾಸವನ್ನೂ ಬಿಟ್ಟಂತೆಯೇ. ಮನಸ್ಸು ಬಂದ ಕಡೆಗೆ ಬಣ್ಣ ಹರಿದರೆ ಸಾಕು. ಇನ್ನೊಬ್ಬರ ಚಿತ್ರವನ್ನು ಮುಂದಿಟ್ಟುಕೊಂಡು ಬರೆಯುವುದಂತೂ ಕಳವಿಗೆ ಸಮಾನ ಎಂದು ಅವರು ತಿಳಿದಿರುತ್ತಾರೆ. ಅವರನ್ನು ನಾನು ದೂರುವಂತಿಲ್ಲ. ಆ ವಯಸ್ಸಿನಲ್ಲಿ ಸೆಜಾನನ ಸೇಬುಗಳನ್ನು ಒಂದು ಕಳಪೆ ಮುದ್ರಣದಿಂದ ನಕಲು ಮಾಡುತ್ತಿದ್ದಾಗ, ಹಿರಿಯರೊಬ್ಬರು ನೋಡಿ ನಕ್ಕರೆಂಬ ಒಂದೇ ಕಾರಣಕ್ಕೆ ಹಾಳೆಯನ್ನು ಹರಿದು ಹಾಕಿದವನು ನಾನು. ಬಹಳ ವರ್ಷಗಳ ಮೇಲೆ ಗಾರ್ಕಿಯ ಜೀವನವನ್ನು ಓದಿದಾಗ, ಹರಿದ ಆ ಹಾಳೆಗಾಗಿ ಮನಸ್ಸು ಮರುಗಿತು.

ಮ್ಯಾಕ್ಸಿಂ ಗಾರ್ಕಿಯ ಮಾತಲ್ಲ ಇದು. ಚಿತ್ರಕಾರ ಆರ್ಶಿಲ್ ಗಾರ್ಕಿಯ ಮಾತು. ತಾನು ಆ ಮಹಾ ಲೇಖಕನ ಬಂಧು ಎಂದು ಈತ ನ್ಯೂಯಾರ್ಕಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದನು. ಲೇಖಕನ ನಿಜವಾದ ಹೆಸರು ಪೆಶ್ಕೋವ್ ಎಂಬುದಾಗಲಿ, ಗಾರ್ಕಿ ಎಂಬುದು ಕಹಿ ಎಂಬ ಅರ್ಥದ ಕಾವ್ಯನಾಮವೆಂಬುದಾಗಲಿ ಕೇಳಿದವರಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ! ಈತನ ನಿಜವಾದ ಹೆಸರು ವೊಸ್ತಾನಿಕ್ ಅದೋಯನ್. ಹುಟ್ಟಿದ್ದು ಸುಮಾರು 1904ರಲ್ಲಿ, ಅಂದಿನ ತುರ್ಕಿ ಸಾಮ್ರಾಜ್ಯದ ಪೂರ್ವದಂಚಿನಲ್ಲಿ ವಾನ್ ಸರೋವರದ ದಡದಲ್ಲಿದ್ದ ಖೋರ್ಕೊಂ ಎಂಬ ಆರ್ಮೇನಿಯನ್ ಹಳ್ಳಿಯಲ್ಲಿ. ತಂದೆ 1908ರಲ್ಲಿ ಅಮೆರಿಕಕ್ಕೆ ಹೊರಟುಹೋದನು. ಉಳಿದವರು ತಾಯಿ ಶೂಶಾನ್ ಮತ್ತು ಮಕ್ಕಳು.

1912ರಲ್ಲಿ ತಾಯಿ ಮಗನನ್ನು ವಾನ್ ಪಟ್ಟಣಕ್ಕೆ ಕರೆದೊಯ್ದು ಒಂದು ಛಾಯಾಚಿತ್ರ ತೆಗೆಸಿ ಗಂಡನಿಗೆ ಕಳುಹಿಸಿದಳು. ತಲೆಯ ಮೇಲೆ ವಸ್ತ್ರ ಹೊದ್ದು, ಸೊಂಟದಿಂದ ಇಳಿಬಿದ್ದ ಹೂವಿನ ವಿನ್ಯಾಸದ ಏಪ್ರನ್ನಿನ ಮೇಲೆ ಕೈಗಳನ್ನಿಟ್ಟು ಅವಳು ಕುಳಿತಿದ್ದಾಳೆ. ಪಕ್ಕದಲ್ಲಿ ಕೋಟು ತೊಟ್ಟ ಬಾಲಕ, ಕೈಯಲ್ಲಿ ಪುಟ್ಟ ಹೂಗೊಂಚಲು ಹಿಡಿದು ನಿಂತಿದ್ದಾನೆ. ಇಬ್ಬರ ಮುಖದಲ್ಲೂ ನಗೆಯಿಲ್ಲ. ದೂರದೇಶದಲ್ಲಿರುವ ಗಂಡನಿಗೆ ನಾವು ಇನ್ನೂ ಇದ್ದೇವೆಂದು ನೆನಪು ಮಾಡಿಕೊಡುವುದಕ್ಕೆಂದೇ ತೆಗೆಸಿದಂತೆ ಆ ಚಿತ್ರ ಕಾಣುತ್ತದೆ.

1915ರಲ್ಲಿ ಆರ್ಮೇನಿಯನ್ನರ ಮಾರಣಹೋಮ ಆರಂಭವಾಯಿತು. ವಾನ್ ಪಟ್ಟಣ ಮುತ್ತಿಗೆಗೆ ಒಳಗಾಯಿತು. ಬದುಕುಳಿದವರು ಕಾಲ್ನಡಿಗೆಯಲ್ಲಿ ರಷ್ಯದ ಆಡಳಿತದಲ್ಲಿದ್ದ ಎರೆವಾನಿನ ಕಡೆಗೆ ಹೊರಟರು. ಶೂಶಾನಳೂ ಮಕ್ಕಳೊಡನೆ ಆ ಜನಪ್ರವಾಹದಲ್ಲಿ ಸೇರಿದಳು. ನಾಲ್ಕು ವರ್ಷಗಳ ಬಳಿಕ, 1919ರ ಮಾರ್ಚಿಯಲ್ಲಿ, ಬರಗಾಲ ಹಬ್ಬಿದ್ದ ಎರೆವಾನಿನಲ್ಲಿ ಅವಳು ಅನ್ನವಿಲ್ಲದೆ ಸತ್ತಳು. ಮಗನಿಗೆ ಆಗ ಹದಿನೈದರ ಆಸುಪಾಸು. ಮರುವರ್ಷ ಅವನೂ ತಂಗಿ ವಾರ್ತೂಶಳೂ ಹಡಗು ಹತ್ತಿ ಅಮೆರಿಕ ಮುಟ್ಟಿದರು. ತಂದೆ ಸಿಕ್ಕಿದನು, ಆ ಛಾಯಾಚಿತ್ರವೂ ಸಿಕ್ಕಿತು. ತಂದೆಗಿಂತ ಛಾಯಾಚಿತ್ರವೇ ಅವನಿಗೆ ಹತ್ತಿರದ ನಂಟಾಯಿತೆಂದು ನನ್ನ ಊಹೆ.

ರಬ್ಬರ್ ಕಾರ್ಖಾನೆಯಲ್ಲಿ ದುಡಿದು, ಬಾಸ್ಟನ್ನಿನ ಕಲಾಶಾಲೆಯೊಂದರಲ್ಲಿ ಕಲಿತು, 1924ರ ಕೊನೆಯ ವೇಳೆಗೆ ಅವನು ನ್ಯೂಯಾರ್ಕಿಗೆ ಬಂದನು. ಹೆಸರು ಬದಲಾದದ್ದು ಈ ಕಾಲದಲ್ಲೇ. ತಾನು ಕಾಂಡಿನ್ಸ್ಕಿಯ ಬಳಿ ಪ್ಯಾರಿಸಿನಲ್ಲಿ ಕಲಿತವನೆಂದೂ ಹೇಳಿಕೊಂಡನು. ಪ್ಯಾರಿಸಿನ ನೆಲವನ್ನು ಅವನು ಜೀವಮಾನದಲ್ಲೇ ಮೆಟ್ಟಿರಲಿಲ್ಲ. ಈ ಸುಳ್ಳುಗಳನ್ನು ಓದಿ ಮುಖ ಸಿಂಡರಿಸುವ ವಿಮರ್ಶಕರಿದ್ದಾರೆ. ಊರು, ತಾಯಿ, ಭಾಷೆ ಮೂರನ್ನೂ ಕಳೆದುಕೊಂಡ ಹುಡುಗನೊಬ್ಬ ತನಗೊಂದು ವಂಶವೃಕ್ಷವನ್ನು ಕಟ್ಟಿಕೊಳ್ಳಲು ಹೊರಟನೆಂದು ನಾನು ಓದಿಕೊಳ್ಳುತ್ತೇನೆ. ಹೆಸರಿನಲ್ಲಿ ಮಾಡಿದ್ದನ್ನೇ ಅವನು ಚಿತ್ರದಲ್ಲೂ ಮಾಡಿದನು. ಆದರೆ ಅಲ್ಲಿ ಅದು ಸುಳ್ಳಾಗಿ ಉಳಿಯಲಿಲ್ಲ.

ಮೊದಲ ಗುರು ಸೆಜಾನ್. 1906ರಲ್ಲೇ ತೀರಿಕೊಂಡಿದ್ದ ಗುರು! ಏಕಲವ್ಯನಿಗಾದರೂ ದ್ರೋಣನ ಮುಖದರ್ಶನವಾಗಿತ್ತು. ಗಾರ್ಕಿ ಸೆಜಾನನ ಬೆಟ್ಟಗಳನ್ನೂ ಹಣ್ಣಿನ ತಟ್ಟೆಗಳನ್ನೂ ಸುಮ್ಮನೆ ನಕಲು ಮಾಡಲಿಲ್ಲ. ಸೆಜಾನ್ ಎಲ್ಲಿ ನಿಂತು ನೋಡಿದನೋ ಅಲ್ಲಿ ನಿಂತು ತನ್ನ ಮೇಜಿನ ಮೇಲಿನ ಹಣ್ಣುಗಳನ್ನು ನೋಡಿದನು. ನೆರಳನ್ನು ಕಪ್ಪು ಬೆರೆಸಿ ತೋರಿಸದೆ, ಬಿಸಿ ಬಣ್ಣದ ಪಕ್ಕದಲ್ಲಿ ತಣ್ಣನೆಯ ಬಣ್ಣದ ಒಂದೊಂದು ತುಂಡನ್ನು ಇಡುತ್ತ ಹೋದರೆ ಹಣ್ಣಿನ ಮೈ ಹೇಗೆ ತಿರುಗುತ್ತದೆ, ವಸ್ತುವಿನ ಅಂಚು ಎಲ್ಲಿ ಮುಚ್ಚಿಕೊಳ್ಳಬೇಕು, ಎಲ್ಲಿ ತೆರೆದುಕೊಂಡು ಹಿನ್ನೆಲೆಯೊಡನೆ ಬೆರೆಯಬೇಕು ಎಂಬುದು ಈ ಅಭ್ಯಾಸದಲ್ಲಿ ಕೈಗೆ ಬರುತ್ತದೆ. ಬುದ್ಧಿಗೆ ಇದನ್ನು ಒಂದು ಗಂಟೆಯಲ್ಲಿ ವಿವರಿಸಬಹುದು. ಕೈಗೆ ವರ್ಷಗಳು ಬೇಕು.

ಆಮೇಲೆ ಪಿಕಾಸೊ. ಪಿಕಾಸೊನ ಚಿತ್ರಗಳನ್ನು ಅವನು ಹೆಚ್ಚಾಗಿ ಕಂಡದ್ದು ಪ್ಯಾರಿಸಿನಿಂದ ಬರುತ್ತಿದ್ದ ಕಲಾಪತ್ರಿಕೆಗಳ ಕಪ್ಪುಬಿಳುಪು ಪುಟಗಳಲ್ಲಿ. ಕೆಲವನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ತೆರೆದಿದ್ದ ಗ್ಯಾಲಟಿನ್ ಸಂಗ್ರಹದಲ್ಲಿ. ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಹೋದರೆ ಆಂಗ್ರ್‌ನ ರೇಖೆಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದನು. ಪಿಕಾಸೊನ 1927-28ರ ಚಿತ್ರಶಾಲೆಯ ಚಿತ್ರಕ್ಕೂ ಗಾರ್ಕಿ 1933ರಿಂದ 1936ರವರೆಗೆ ತಿದ್ದಿ ತಿದ್ದಿ ಬರೆದ ‘ಆರ್ಗನೈಸೇಶನ್’ ಎಂಬ ಚಿತ್ರಕ್ಕೂ ಇರುವ ನಂಟು ಮೊದಲ ನೋಟಕ್ಕೇ ತಿಳಿಯುತ್ತದೆ. ಅದೇ ಕಪ್ಪು ಗೆರೆಗಳ ಹಂದರ, ಅದೇ ಬಿಳಿಯ ಬಯಲು. ಆದರೆ ಹತ್ತಿರ ಹೋಗಿ ನೋಡಿದರೆ ಬಣ್ಣ ಪದರ ಪದರವಾಗಿ ಏರಿರುತ್ತದೆ. ಪಿಕಾಸೊ ಒಂದು ದಿನದಲ್ಲಿ ಹೇಳಿ ಮುಗಿಸುವುದನ್ನು ಗಾರ್ಕಿ ಮೂರು ವರ್ಷ ಕೇಳಿಸಿಕೊಂಡಂತಿದೆ.

ಸುತ್ತಲಿನವರು ನಕ್ಕರು. ಪಿಕಾಸೊ ಬಣ್ಣವನ್ನು ತೊಟ್ಟಿಕ್ಕಲು ಬಿಟ್ಟರೆ ಗಾರ್ಕಿಯೂ ತೊಟ್ಟಿಕ್ಕಿಸುತ್ತಾನೆಂಬ ಹಾಸ್ಯ ಚಿತ್ರಕಾರರ ನಡುವೆ ಓಡಾಡುತ್ತಿತ್ತು; ಅವನು ಅದನ್ನು ಅಲ್ಲಗಳೆಯದೆ ಹೆಮ್ಮೆಯಿಂದಲೇ ಒಪ್ಪಿಕೊಂಡನೆಂದು ಹೇಳುತ್ತಾರೆ. ನಮ್ಮ ಸಂಗೀತಗಾರರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಹತ್ತು ವರ್ಷ ಗುರುವಿನ ಬಾನಿಯಲ್ಲೇ ಹಾಡಿದ ಶಿಷ್ಯನನ್ನು ನಮ್ಮಲ್ಲಿ ಯಾರೂ ಕಳ್ಳನೆನ್ನುವುದಿಲ್ಲ. ಗುರುವಿನ ಕೆಮ್ಮನ್ನೂ ಕಲಿತನೆಂದು ನಗಬಹುದು, ಅಷ್ಟೆ. ಚಿತ್ರಕಾರನು ಮಾತ್ರ ಮೊದಲ ದಿನದಿಂದಲೇ ಸ್ವಂತಿಕೆ ತೋರಬೇಕೆಂಬ ಹಟ ಎಲ್ಲಿಂದ ಬಂತೋ ಕಾಣೆ.

ಯೂನಿಯನ್ ಚೌಕದ 36ನೆಯ ನಂಬರಿನ ಅವನ ಚಿತ್ರಶಾಲೆ ತರುಣ ಚಿತ್ರಕಾರರ ಗುರುಕುಲವೇ ಆಗಿತ್ತು. ವಿಲ್ಲೆಮ್ ಡಿ ಕೂನಿಂಗ್ ತನ್ನ ಕಲೆಯ ಹುಟ್ಟೂರು ಆ ವಿಳಾಸವೇ ಎಂದು ಮುಂದೆ ಸಾರಿದನು. ಮಾರ್ಕ್ ರಾತ್ಕೊ ಅದಕ್ಕೂ ಮೊದಲೇ ಗಾರ್ಕಿಯ ತರಗತಿಯಲ್ಲಿ ವಿದ್ಯಾರ್ಥಿಯಾಗಿದ್ದನು. ತಾನೇ ಶಿಷ್ಯನಾಗಿದ್ದವನು ಇತರರಿಗೆ ಗುರುವಾಗಿದ್ದನೆಂಬುದು ವಿಚಿತ್ರ. ಕೊಳ್ಳುವವರು ಮಾತ್ರ ಇರಲಿಲ್ಲ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಕೈಗೆ ಬಂದ ಹಣವೆಲ್ಲ ಬಣ್ಣದ ಕೊಳವೆಗಳಿಗೇ ಹೋಗುತ್ತಿತ್ತು. ಬಣ್ಣಕ್ಕೂ ಹಣ ಸಾಲದಾದಾಗ ಮಸಿ ಮತ್ತು ಲೇಖನಿ ಹಿಡಿದು ಒಂದೇ ವಸ್ತುವನ್ನು ಹತ್ತಾರು ಹಾಳೆಗಳಲ್ಲಿ ಮತ್ತೆ ಮತ್ತೆ ಬರೆದನು. ಸರಕಾರದ ಉದ್ಯೋಗ ಯೋಜನೆಯಡಿ ನ್ಯೂವಾರ್ಕ್ ವಿಮಾನನಿಲ್ದಾಣಕ್ಕೆ ಬರೆದ ಹತ್ತು ದೊಡ್ಡ ಭಿತ್ತಿಚಿತ್ರಗಳು 1937ರಲ್ಲಿ ಗೋಡೆ ಏರಿದವು. ಯುದ್ಧಕಾಲದಲ್ಲಿ ಅವುಗಳ ಮೇಲೆ ಸುಣ್ಣಬಣ್ಣ ಬಳಿಯಲಾಯಿತು. 1970ರ ದಶಕದಲ್ಲಿ ಪದರಗಳನ್ನು ಕೆರೆದಾಗ ಸಿಕ್ಕವು ಎರಡೇ.

ಈ ವರ್ಷಗಳಲ್ಲೆಲ್ಲ ಒಂದು ಚಿತ್ರ ಚಿತ್ರಶಾಲೆಯಲ್ಲಿ ಮುಗಿಯದೆ ನಿಂತಿತ್ತು. 1912ರ ಆ ಛಾಯಾಚಿತ್ರವನ್ನು ಅವನು 1926ರ ಸುಮಾರಿಗೆ ಕ್ಯಾನ್ವಾಸಿಗೆ ಇಳಿಸತೊಡಗಿದನು. ಒಂದಲ್ಲ, ಎರಡು ಕ್ಯಾನ್ವಾಸು. ಒಂದರ ಕೆಲಸ ಸುಮಾರು ಹತ್ತು ವರ್ಷ, ಇನ್ನೊಂದರದು ಅದಕ್ಕೂ ಹೆಚ್ಚು ಕಾಲ ನಡೆಯಿತು. ಬಣ್ಣ ಒಣಗಿದ ಮೇಲೆ ಕ್ಷೌರದ ಬ್ಲೇಡಿನಿಂದ ಹೆರೆದು, ಮತ್ತೆ ಬಳಿದು, ಮತ್ತೆ ಹೆರೆದು ಮೇಲ್ಮೈಯನ್ನು ಪಿಂಗಾಣಿಯಂತೆ ನುಣುಪು ಮಾಡಿದನು. ತಾಯಿಯ ಮುಖ ಬಂತು. ಆ ಅಗಲವಾದ ಕಪ್ಪು ಕಣ್ಣುಗಳು ಬಂದವು. ಕೈಗಳು ಮಾತ್ರ ಬರಲಿಲ್ಲ. ಎರಡು ಚಿತ್ರಗಳಲ್ಲೂ ಅವು ಬಿಳಿಚಿದ ಮಬ್ಬು ಗುರುತುಗಳು. ಕೈ ಬರೆಯಲು ಬಾರದವನಲ್ಲ ಅವನು. ಏಪ್ರನ್ನಿನ ಹೂಗಳನ್ನೂ ಅವನು ಅಳಿಸಿಹಾಕಿದನು. ಛಾಯಾಚಿತ್ರದಲ್ಲಿ ಎಣಿಸಬಹುದಾದ ವಿನ್ಯಾಸವಿದ್ದ ಕಡೆ ಚಿತ್ರದಲ್ಲಿ ಬರಿಯ ಬಣ್ಣದ ಬಯಲು. ಆ ಹೂಗಳು ಎಲ್ಲಿ ಹೋದವೆಂಬುದು ಮುಂದೆ ತಿಳಿಯುತ್ತದೆ.

1930ರ ದಶಕದ ಕೊನೆಗೆ ಮಿರೊ ಮೂರನೆಯ ಗುರುವಾಗಿ ಬಂದನು. ಚಪ್ಪಟೆಯಾದ ಹಿನ್ನೆಲೆಯ ಮೇಲೆ ಬೀಜದಂತೆ, ಮೊಳಕೆಯಂತೆ, ಪಾದರಕ್ಷೆಯಂತೆ ತೇಲುವ ಆಕಾರಗಳನ್ನು ಮಿರೊನಿಂದ ಕಲಿತು ‘ಗಾರ್ಡನ್ ಇನ್ ಸೋಚಿ’ ಎಂಬ ಚಿತ್ರಮಾಲೆಯನ್ನು ಬರೆದನು. ಸೋಚಿ ರಷ್ಯದ ಊರು. ಚಿತ್ರದಲ್ಲಿರುವುದು ಖೋರ್ಕೊಮಿನ ತಂದೆಯ ತೋಟ. ಹರಕೆ ಹೊತ್ತವರು ತಮ್ಮ ಬಟ್ಟೆಯ ಚೂರುಗಳನ್ನು ಹರಿದು ಕಟ್ಟುತ್ತಿದ್ದ ಪವಿತ್ರ ವೃಕ್ಷವೊಂದು ಅಲ್ಲಿತ್ತೆಂದು ಅವನು 1942ರಲ್ಲಿ ಬರೆದ ಟಿಪ್ಪಣಿಯಿಂದ ತಿಳಿಯುತ್ತದೆ. ನಮ್ಮ ಹಳ್ಳಿಗಳ ಹರಕೆಯ ಮರಗಳನ್ನು ಕಂಡವರಿಗೆ ಆ ಚಿತ್ರದಲ್ಲಿ ಗಾಳಿಗೆ ಪಟಪಟಿಸುವ ಚೂರುಗಳು ಬೇಗನೆ ಕಂಡಾವು. ಗುರುವಿನ ವ್ಯಾಕರಣದಲ್ಲಿ ಶಿಷ್ಯನು ತನ್ನ ಮನೆಮಾತನ್ನು ಆಡತೊಡಗಿದ್ದು ಇಲ್ಲಿಯೇ.

1941ರಲ್ಲಿ ಆಗ್ನೆಸ್ ಮಗ್ರೂಡರ್ ಎಂಬ ತರುಣಿಯನ್ನು ಮದುವೆಯಾದನು. 1943ರ ಬೇಸಿಗೆಯನ್ನು ಅವಳ ತಂದೆತಾಯಿಯರ ವರ್ಜೀನಿಯದ ಹೊಲಮನೆಯಲ್ಲಿ ಕಳೆದನು. ಹಳ್ಳಿಯಲ್ಲಿ ಹುಟ್ಟಿ ಇಪ್ಪತ್ತು ವರ್ಷ ನಗರದ ಗೋಡೆಗಳ ನಡುವೆ ಇದ್ದವನು ಮತ್ತೆ ಹುಲ್ಲಿನ ಮೇಲೆ ಕುಳಿತನು. ದೂರದ ಬೆಟ್ಟವನ್ನಾಗಲಿ ಆಕಾಶವನ್ನಾಗಲಿ ನೋಡದೆ, ಹುಲ್ಲಿನ ಬುಡಕ್ಕೆ ಕಣ್ಣಿಟ್ಟು, ಸೀಸದಕಡ್ಡಿ ಮತ್ತು ಮೇಣದ ಬಣ್ಣಗಳಿಂದ ಹಾಳೆಯ ಮೇಲೆ ಹಾಳೆ ಬರೆದನು. ಕಾಯಿ, ಕೀಟ, ಬೇರು, ಎಸಳು ಎಲ್ಲವೂ ಒಂದರೊಳಗೊಂದು ಮೈ ಬದಲಿಸುವ ರೇಖಾಚಿತ್ರಗಳು ಅವು. ಆಂಗ್ರ್‌ನ ಎದುರಿಗೆ ನಿಂತು ಕಲಿತ ರೇಖೆಯೇ ಇಲ್ಲಿ ಸಸ್ಯದ ಕುಡಿಯಂತೆ ತಿರುಗುತ್ತದೆ. ಚಿಲಿಯಿಂದ ಬಂದ ಮಾತ್ತಾ ಎಂಬ ಕಿರಿಯ ಚಿತ್ರಕಾರನ ಸಹವಾಸದಿಂದ ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹರಿಯಬಿಡುವ ರೀತಿಯನ್ನು ಹಿಡಿದನು. ವರ್ಷಗಟ್ಟಲೆ ಗಾರೆಯಂತೆ ಬಣ್ಣ ಮೆತ್ತಿದ ಕೈ ನೀರಿನಂತೆ ಹಗುರವಾಯಿತು. ಕಾಂಡಿನ್ಸ್ಕಿಯ ಆರಂಭದ ಚಿತ್ರಗಳಿಂದ ರೇಖೆಯನ್ನೂ ಬಣ್ಣವನ್ನೂ ಒಂದಕ್ಕೊಂದು ಕಟ್ಟಿಹಾಕದೆ ಬಿಡುವುದನ್ನು ಕಲಿತನು. ಸುಳ್ಳು ಹೇಳಿಕೊಂಡಿದ್ದ ಆ ಶಿಷ್ಯತ್ವ ಕಡೆಗೆ ಸತ್ಯವಾಯಿತು.

1944ರಲ್ಲಿ ಹುಟ್ಟಿದ ಚಿತ್ರಗಳಲ್ಲಿ ಒಂದಕ್ಕೆ ಅವನು ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ನನ್ನ ತಾಯಿಯ ಕಸೂತಿಯ ಏಪ್ರನ್ ನನ್ನ ಬಾಳಿನಲ್ಲಿ ಬಿಚ್ಚಿಕೊಳ್ಳುವ ಬಗೆ. ಅದರಲ್ಲಿ ತಾಯಿಯಿಲ್ಲ, ಏಪ್ರನ್ನೂ ಇಲ್ಲ. ತೇವದ ಬಣ್ಣಗಳು ಒಂದರೊಳಗೊಂದು ಇಳಿಯುತ್ತವೆ, ಕಪ್ಪು ಎಳೆಗಳು ಹೊಲಿಗೆಯಂತೆ ಓಡುತ್ತವೆ. ಭಾವಚಿತ್ರದಿಂದ ಅಳಿಸಿದ್ದ ಹೂಗಳು ಇಲ್ಲಿ ಬಂದು ಅರಳಿವೆ ಎಂದರೆ ವಿಮರ್ಶಕರು ನನ್ನನ್ನು ಭಾವುಕನೆಂದು ಕರೆಯಬಹುದು. ಕರೆಯಲಿ.

1945ರ ಮಾರ್ಚಿಯಲ್ಲಿ ಜೂಲಿಯನ್ ಲೆವಿಯ ಗ್ಯಾಲರಿಯಲ್ಲಿ ಪ್ರದರ್ಶನ ನಡೆಯಿತು. ಕವಿ ಆಂದ್ರೆ ಬ್ರೆತೊನ್ ಮೆಚ್ಚಿ ಮುನ್ನುಡಿ ಬರೆದನು. ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಆಗಲೂ ಸಂದೇಹಿಸಿದನು. ಅವನು ಮನಸ್ಸು ಬದಲಿಸಿ ಗಾರ್ಕಿಯನ್ನು ದೇಶದ ಶ್ರೇಷ್ಠರ ಸಾಲಿನಲ್ಲಿ ನಿಲ್ಲಿಸಿದ್ದು 1948ರಲ್ಲಿ. ಆ ವೇಳೆಗೆ ಕಾಲ ಮೀರುತ್ತ ಬಂದಿತ್ತು. 1946ರ ಜನವರಿಯಲ್ಲಿ ಕನೆಕ್ಟಿಕಟ್‌ನ ಅವನ ಚಿತ್ರಶಾಲೆಗೆ ಬೆಂಕಿ ಬಿದ್ದು ಸುಮಾರು 20 ಚಿತ್ರಗಳು ಸುಟ್ಟುಹೋದವು. ಕೆಲವೇ ವಾರಗಳಲ್ಲಿ ಕ್ಯಾನ್ಸರಿಗಾಗಿ ದೊಡ್ಡ ಶಸ್ತ್ರಚಿಕಿತ್ಸೆ ನಡೆಯಿತು. ಆದರೂ ಆ ಬೇಸಿಗೆಯಲ್ಲಿ ವರ್ಜೀನಿಯದಲ್ಲಿ ಕುಳಿತು ಇನ್ನೂರಕ್ಕೂ ಹೆಚ್ಚು ರೇಖಾಚಿತ್ರಗಳನ್ನು ಬರೆದನು. ‘ಅಗನಿ’, ‘ದಿ ಬಿಟ್ರೋಥಲ್’ ಮುಂತಾದ ಅವನ ಅತ್ಯುತ್ತಮ ಕೃತಿಗಳು 1947ರವು. 1948ರ ಜೂನ್ ತಿಂಗಳಲ್ಲಿ ಕಾರಿನ ಅಪಘಾತದಲ್ಲಿ ಕುತ್ತಿಗೆಯ ಮೂಳೆ ಮುರಿಯಿತು, ಕುಂಚ ಹಿಡಿಯುವ ತೋಳು ಸ್ವಾಧೀನ ತಪ್ಪಿತು. ಸಂಸಾರವೂ ಒಡೆದು ಹೆಂಡತಿ ಇಬ್ಬರು ಹೆಣ್ಣುಮಕ್ಕಳೊಡನೆ ಹೊರಟುಹೋದಳು. ಜುಲೈ 21ರಂದು ಅವನು ತನ್ನ ಜೀವವನ್ನು ತಾನೇ ನೀಗಿಕೊಂಡನು.

ಗಾರ್ಕಿಯ ಒಂದು ಮಾತನ್ನೂ ನಾನು ಇಲ್ಲಿ ಉದ್ಧರಿಸಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಅದಕ್ಕೆ ಕಾರಣವಿದೆ. ಅವನ ಸೋದರಳಿಯ ಮುಂದೆ ಪ್ರಕಟಿಸಿದ ಪತ್ರಗಳಲ್ಲಿ ಹಲವು ಕಟ್ಟಿದ ಪತ್ರಗಳೆಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಅವನೇ ಬರೆದ ಪ್ರೇಮಪತ್ರಗಳಲ್ಲೋ ಅನ್ಯರ ಸಾಲುಗಳು ಹೇಳದೆ ಕೇಳದೆ ನುಸುಳಿವೆ. ಮಾತಿನಲ್ಲಿ ಅವನು ಕೊನೆಯವರೆಗೂ ಎರವಲಿನವನೇ. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಮೂರು ಪ್ರತಿಗಳನ್ನು ಮಾತ್ರ ತೋರಿಸುತ್ತೇನೆ: 1912ರ ಛಾಯಾಚಿತ್ರ, ತಾಯಿಮಗನ ಭಾವಚಿತ್ರ, 1944ರ ಏಪ್ರನ್ನಿನ ಚಿತ್ರ. ಮೂರನ್ನೂ ನೋಡಿ ಬರೆದುಕೊಂಡು ಬರಬೇಕೆಂದು ಹೇಳುತ್ತೇನೆ. ಹೆಚ್ಚಿನವರು ಎರಡನೆಯದರಲ್ಲಿ ಕೈಗಳನ್ನು ತುಂಬಿಸಿಕೊಂಡು ಬರುತ್ತಾರೆ. ಅಳಿಸಿ ಮತ್ತೆ ನೋಡಿ ಎಂದು ನಾನು ಹಾಳೆಯನ್ನು ಹಿಂದಿರುಗಿಸುತ್ತೇನೆ.

ಆ ಭಾವಚಿತ್ರಗಳಲ್ಲಿ ಒಂದು ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಸಂಗ್ರಹದಲ್ಲಿದೆ. ಇನ್ನೊಂದು ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯಕ್ಕೆ 1950ರಲ್ಲಿ ಸೇರಿತು. ಅದನ್ನು ಕೊಟ್ಟವನು ಜೂಲಿಯನ್ ಲೆವಿ. ಕೊಡುಗೆಯಲ್ಲಿ ಬರೆದಿರುವುದು, ತಂದೆಯ ನೆನಪಿಗಾಗಿ, ಮಾರೊ ಮತ್ತು ನತಾಶಾ ಎಂಬ ಅವನ ಹೆಣ್ಣುಮಕ್ಕಳ ಪರವಾಗಿ ಎಂದು.