ಜಾಡಿಗೆ ಲೆಕ್ಕ ಬರೆದ ಫ್ರಾಂಕ್ಲಿನ್

ಬೆಂಜಮಿನ್ ಫ್ರಾಂಕ್ಲಿನ್ ಎಂದರೆ ಎಲ್ಲರಿಗೂ ಗಾಳಿಪಟ ನೆನಪಾಗುತ್ತದೆ. ವಾಣಿಜ್ಯ ವಿದ್ಯಾರ್ಥಿಯಾದ ನನಗೆ ನೆನಪಾಗುವುದು ಒಂದು ಗಾಜಿನ ಜಾಡಿ. ವಿಜ್ಞಾನ ನಮ್ಮ ವಿಭಾಗದ ವಿಷಯವಲ್ಲ ಎನ್ನುವವರು ಈ ವ್ಯಾಪಾರಿಯ ಜೀವನವನ್ನು ತಿಳಿಯಬೇಕು.

ಫ್ರಾಂಕ್ಲಿನ್ 1706ರ ಜನವರಿ 17ರಂದು ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದರು. ತಂದೆ ಮೇಣದಬತ್ತಿ, ಸಾಬೂನು ತಯಾರಿಸುತ್ತಿದ್ದರು. ಹತ್ತನೇ ವಯಸ್ಸಿಗೆ ಶಾಲೆ ಬಿಡಬೇಕಾಯಿತು. ಹನ್ನೆರಡಕ್ಕೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದರು. 1723ರಲ್ಲಿ, ಈಗ ನನಗಿರುವ ಹದಿನೇಳರ ವಯಸ್ಸಿನಲ್ಲಿ, ಊರು ಬಿಟ್ಟು ಫಿಲಡೆಲ್ಫಿಯಾ ಸೇರಿದರು. ಅಲ್ಲಿ ಸ್ವಂತ ಮುದ್ರಣಾಲಯ ತೆರೆದು, ಪತ್ರಿಕೆ ಮತ್ತು ಪಂಚಾಂಗ ಹೊರಡಿಸಿ ಹಣ ಸಂಪಾದಿಸಿದರು. 1748ರಲ್ಲಿ ವ್ಯವಹಾರವನ್ನು ಪಾಲುದಾರನಿಗೆ ವಹಿಸಿ ಪ್ರಯೋಗಗಳಿಗೆ ಸಮಯ ಮಾಡಿಕೊಂಡರು.

ಅದಕ್ಕೆ ಕೆಲವೇ ವರ್ಷ ಮೊದಲು ಹಾಲೆಂಡಿನ ಲೈಡನ್ ನಗರದಿಂದ ಒಂದು ಹೊಸ ಸುದ್ದಿ ಹರಡಿತ್ತು. ನೀರು ತುಂಬಿದ ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ಕೂಡಿಡಬಹುದು! ಒಳಗೊಂದು ವಾಹಕ, ಹೊರಗೊಂದು ವಾಹಕ, ನಡುವೆ ಗಾಜು. ಇಂದಿನ ಕೆಪಾಸಿಟರ್‌ಗೆ ಇದೇ ಮೂಲ. ಲಂಡನ್ನಿನ ಬಟ್ಟೆ ವ್ಯಾಪಾರಿ ಪೀಟರ್ ಕಾಲಿನ್ಸನ್ ಕಳುಹಿಸಿದ ಗಾಜಿನ ಕೊಳವೆಯನ್ನು ಉಜ್ಜಿ ವಿದ್ಯುತ್ ಪಡೆಯುತ್ತಿದ್ದ ಫ್ರಾಂಕ್ಲಿನ್, ಈ ಜಾಡಿಯನ್ನೂ ಕೈಗೆತ್ತಿಕೊಂಡರು.

ಅವರು ಕಂಡುಕೊಂಡ ಲೆಕ್ಕ ಸರಳವಾಗಿತ್ತು. ಜಾಡಿಯ ಒಂದು ಬದಿಗೆ ಎಷ್ಟು ಸೇರುತ್ತದೆಯೋ ಇನ್ನೊಂದು ಬದಿಯಿಂದ ಅಷ್ಟೇ ಹೋಗುತ್ತದೆ. ಒಂದು ಪ್ಲಸ್, ಇನ್ನೊಂದು ಮೈನಸ್, ಕೂಡಿದರೆ ಸೊನ್ನೆ. ಇದನ್ನು ಓದಿದಾಗ ನನಗೆ ನಮ್ಮ ಡೆಬಿಟ್, ಕ್ರೆಡಿಟ್‌ಗಳೇ ಕಣ್ಣೆದುರು ಬಂದವು. ವಿದ್ಯುತ್ ತುಂಬಿದ ಜಾಡಿಯ ನೀರನ್ನು ಅವರು ಬೇರೆ ಜಾಡಿಗೆ ಸುರಿದು ನೋಡಿದರು. ಅದರಲ್ಲಿ ಶಾಕ್ ಇರಲಿಲ್ಲ. ಹಳೆಯ ಜಾಡಿಗೆ ಹೊಸ ನೀರು ಹಾಕಿದರು, ಶಾಕ್ ಬಂತು. ಅಂದರೆ ಶಕ್ತಿ ನೀರಿನಲ್ಲಿಲ್ಲ, ಗಾಜಿನಲ್ಲಿದೆ ಎಂದು ತೀರ್ಮಾನಿಸಿದರು. ಹಾಗಾದರೆ ಜಾಡಿಯೇ ಏಕೆ ಬೇಕು? ಹನ್ನೊಂದು ಕಿಟಕಿ ಗಾಜುಗಳ ಎರಡೂ ಬದಿಗೆ ತೆಳುವಾದ ಸೀಸದ ತಗಡು ಇಟ್ಟು ಜೋಡಿಸಿ, ಅದನ್ನು ಬ್ಯಾಟರಿ ಎಂದು ಕರೆದರು. ಆ ಹೆಸರು ಇಂದು ನಮ್ಮ ಮೊಬೈಲಿನಲ್ಲೂ ಇದೆ.

1750ರ ಡಿಸೆಂಬರಿನಲ್ಲಿ ಎರಡು ದೊಡ್ಡ ಜಾಡಿಗಳಿಂದ ಟರ್ಕಿ ಕೋಳಿಯನ್ನು ಕೊಲ್ಲಲು ಹೋಗಿ, ಗಮನ ತಪ್ಪಿ ಅವರೇ ಶಾಕ್‌ಗೆ ಸಿಕ್ಕರು. ಕ್ಷಣಕಾಲ ಪ್ರಜ್ಞೆ ಹೋಯಿತು, ಮೈಯೆಲ್ಲ ನಡುಗಿತು. ಬದುಕಿದ್ದು ಅದೃಷ್ಟ. ಆದರೂ ಅದನ್ನು ಪತ್ರದಲ್ಲಿ ಬರೆದರು.

1752ರಲ್ಲಿ ಗಾಳಿಪಟದ ದಾರಕ್ಕೆ ಕಟ್ಟಿದ ಬೀಗದ ಕೈಯಿಂದ ಮೋಡದ ವಿದ್ಯುತ್ತನ್ನು ಇಂಥದೇ ಜಾಡಿಗೆ ತುಂಬಿದರು. ಮಿಂಚೂ ವಿದ್ಯುತ್ತೇ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ನೀಡಿತು. ವ್ಯಾಪಾರಿಯಾಗಿದ್ದರೂ ತಾವು ಕಂಡುಹಿಡಿದ ಸಿಡಿಲು ಸಲಾಕೆಗೆ ಪೇಟೆಂಟ್ ಪಡೆಯಲಿಲ್ಲ. ಅದರಿಂದ ಎಲ್ಲರ ಮನೆಯೂ ಉಳಿಯಲಿ ಎಂದು ಬಿಟ್ಟುಕೊಟ್ಟರು. 1790ರ ಏಪ್ರಿಲ್ 17ರಂದು ತೀರಿಕೊಂಡರು.

ಇಂದಿಗೂ ಹವ್ಯಾಸಿಗಳು ಬಾಟಲಿ, ಉಪ್ಪುನೀರು, ಅಲ್ಯೂಮಿನಿಯಂ ಹಾಳೆಗಳಿಂದ ಇಂಥ ಕೆಪಾಸಿಟರ್ ಮಾಡುತ್ತಾರೆ. ವಿಜ್ಞಾನ ವಿಭಾಗದ ಗೆಳೆಯರಲ್ಲಿ ನನ್ನದೊಂದು ವಿನಂತಿ. ಸ್ವಿಚ್ ಆರಿಸಿದರೂ ಕೆಪಾಸಿಟರ್‌ನ ಲೆಕ್ಕ ಮುಗಿದಿರುವುದಿಲ್ಲ. ಎರಡೂ ಬದಿ ಸರಿಯಾಗಿ ಚುಕ್ತಾ ಆಗುವವರೆಗೆ ಶಕ್ತಿ ಒಳಗೇ ಕಾದಿರುತ್ತದೆ. ಉಪನ್ಯಾಸಕರು ಜೊತೆಗಿಲ್ಲದೆ ಇಂಥದ್ದಕ್ಕೆ ಕೈ ಹಾಕಬೇಡಿ. ಫ್ರಾಂಕ್ಲಿನ್‌ಗೆ ಸಿಕ್ಕ ಅದೃಷ್ಟ ಎಲ್ಲರಿಗೂ ಸಿಗುವುದಿಲ್ಲ.