ಕಾಡಿಗಾಗಿ ಕೈಗಳನ್ನು ಕೂಡಿಸಿದ ಚಿಕೊ ಮೆಂಡಿಸ್

ನಿಮ್ಮಲ್ಲಿ ಕೆಲವರಿಗೆ ರಬ್ಬರ್ ತೋಟವಿರಬಹುದು. ಪುತ್ತೂರು, ಸುಳ್ಯ, ಬೆಳ್ತಂಗಡಿಯ ಕಡೆ ನಸುಕಿನಲ್ಲೇ ಎದ್ದು, ಮರದ ತೊಗಟೆ ಗೀರಿ, ಗೆರಟೆಗೆ ಹಾಲು ಇಳಿಸುವವರನ್ನು ನೀವು ನೋಡಿರಬಹುದು. ತೋಟವಿಲ್ಲದವರ ಕಾಲಿನಲ್ಲೂ ರಬ್ಬರ್ ಚಪ್ಪಲಿ ಇದ್ದೇ ಇರುತ್ತದೆ. ಈ ಮರದ ತವರು ನಮ್ಮ ನಾಡಲ್ಲ, ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. 1876ರಲ್ಲಿ ಹೆನ್ರಿ ವಿಕ್‌ಹಮ್ ಎಂಬ ಇಂಗ್ಲಿಷ್ ವ್ಯಾಪಾರಿ ಬ್ರೆಜಿಲಿನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿಗೆ ಸಾಗಿಸಿದ. ಅವುಗಳಿಂದ ಬೆಳೆದ ಸಸಿಗಳು ಸಿಲೋನಿಗೂ ಮಲಯಾಕ್ಕೂ ಬಂದವು. ಹಾಗೆ ಏಷ್ಯಾದಲ್ಲಿ ರಬ್ಬರ್ ತೋಟಗಳು ಹಬ್ಬಿದವು. ತೋಟದ ರಬ್ಬರ್ ಅಗ್ಗವಾದಾಗ ಬ್ರೆಜಿಲಿನ ಕಾಡು ರಬ್ಬರಿನ ವ್ಯಾಪಾರ ಬಿದ್ದುಹೋಯಿತು. ಅಲ್ಲಿನ ಬಡ ಟ್ಯಾಪರುಗಳು ಮಾತ್ರ ಸಾಲದ ಹೊರೆ ಹೊತ್ತು ಕಾಡಿನಲ್ಲೇ ಉಳಿದರು. ಅಂಥ ಒಂದು ಕುಟುಂಬದಲ್ಲಿ ಹುಟ್ಟಿದವರೇ ಚಿಕೊ ಮೆಂಡಿಸ್.

ಫ್ರಾನ್ಸಿಸ್ಕೊ ಆಲ್ವೆಸ್ ಮೆಂಡಿಸ್ ಫಿಲ್ಯೊ ಎಂಬುದು ಅವರ ಪೂರ್ಣ ಹೆಸರು. 1944ರ ಡಿಸೆಂಬರ್ 15ರಂದು ಆಕ್ರೆ ಪ್ರಾಂತ್ಯದ ಶಪುರಿ ಎಂಬ ಊರಿನ ಬಳಿ ಹುಟ್ಟಿದರು. ಒಂಬತ್ತನೆಯ ವಯಸ್ಸಿಗೇ ತಂದೆಯೊಡನೆ ಚಾಕು ಹಿಡಿದು ಕಾಡಿನ ಹಾದಿ ಹಿಡಿದರು. ಅಲ್ಲಿ ರಬ್ಬರ್ ಮರಗಳು ನಮ್ಮ ತೋಟದಲ್ಲಿರುವಂತೆ ಸಾಲಾಗಿ ನಿಂತಿರುವುದಿಲ್ಲ. ದಟ್ಟ ಕಾಡಿನಲ್ಲಿ ಇಲ್ಲೊಂದು ಅಲ್ಲೊಂದು ಇರುತ್ತವೆ. ಕಾಡು ಉಳಿದರೆ ಮಾತ್ರ ಮರ ಉಳಿಯುತ್ತದೆ, ಮರ ಉಳಿದರೆ ಮಾತ್ರ ಮನೆಯಲ್ಲಿ ಒಲೆ ಉರಿಯುತ್ತದೆ.

ಧಣಿಗಳು ಆ ಕಾಡಿನಲ್ಲಿ ಶಾಲೆ ತೆರೆಯಲು ಬಿಡುತ್ತಿರಲಿಲ್ಲ. ಓದು ಬಂದರೆ ಟ್ಯಾಪರುಗಳು ಸಾಲದ ಲೆಕ್ಕವನ್ನು ಪ್ರಶ್ನಿಸುತ್ತಾರಲ್ಲವೇ? ಚಿಕೊ ಅಕ್ಷರ ಕಲಿತದ್ದು ಪ್ರಾಯಕ್ಕೆ ಬರುತ್ತಿದ್ದಾಗ. ಸರ್ಕಾರದ ಕಣ್ಣು ತಪ್ಪಿಸಿ ಕಾಡಿನಲ್ಲಿ ಬಾಳುತ್ತಿದ್ದ ಯೂಕ್ಲಿಡಿಸ್ ತಾವೊರಾ ಎಂಬ ಕಮ್ಯುನಿಸ್ಟರು ಅವರ ಗುರುಗಳು. ಹಳೆಯ ಪತ್ರಿಕೆಗಳೇ ಪಠ್ಯಪುಸ್ತಕ. ರೇಡಿಯೋ ಕೇಳುತ್ತಾ ಇಬ್ಬರೂ ಹೊರಲೋಕದ ಸುದ್ದಿಯನ್ನು ಚರ್ಚಿಸುತ್ತಿದ್ದರು.

1970ರ ದಶಕದಲ್ಲಿ ಹೊಸ ಆಪತ್ತು ಬಂತು. ಅಂದಿನ ಸೇನಾ ಸರ್ಕಾರದ ಪ್ರೋತ್ಸಾಹದಿಂದ ಶ್ರೀಮಂತ ದನಗಾವಲು ಮಾಲೀಕರು ಆಕ್ರೆಗೆ ಬಂದು ಕಾಡನ್ನು ಕೊಂಡರು. ಕಡಿದು, ಸುಟ್ಟು, ಹುಲ್ಲುಗಾವಲು ಮಾಡಿದರು. ತಲೆಮಾರುಗಳಿಂದ ಅಲ್ಲಿದ್ದವರ ಕೈಯಲ್ಲಿ ಪಟ್ಟೆಯೂ ಇರಲಿಲ್ಲ, ಪತ್ರವೂ ಇರಲಿಲ್ಲ. ಅವರನ್ನು ಒಕ್ಕಲೆಬ್ಬಿಸಿದರು.

ಈ ಹೊತ್ತಿನಲ್ಲಿ ಧರ್ಮಸಭೆ ಸುಮ್ಮನಿರಲಿಲ್ಲ. 1975ರಲ್ಲಿ ಬ್ರೆಜಿಲಿನ ಧರ್ಮಸಭೆಯಲ್ಲಿ ಭೂಮಿ ಕಳೆದುಕೊಂಡವರ ಪರವಾಗಿ ಒಂದು ಆಯೋಗ ಹುಟ್ಟಿತು. ಆಕ್ರೆಯ ಮೇತ್ರಾಣಿಗಳಾದ ಮೊವಾಸಿರ್ ಗ್ರೆಕಿಯವರು ಅದರ ಮುಂದಾಳುಗಳಲ್ಲೊಬ್ಬರು. ಶುಭಸಂದೇಶ ಓದಲು ಸೇರುತ್ತಿದ್ದ ಕಿರು ಕ್ರೈಸ್ತ ಸಮುದಾಯಗಳಲ್ಲಿ ಜನರು ತಮ್ಮ ನೆಲದ ಕಷ್ಟವನ್ನೂ ಮಾತಾಡತೊಡಗಿದರು. ಕಾರ್ಮಿಕ ಸಂಘಗಳು ಬೆಳೆದದ್ದು ಇಂಥ ಕೂಟಗಳ ಆಸರೆಯಲ್ಲಿ. 1975ರಲ್ಲಿ ಚಿಕೊ ಬ್ರಸಿಲೇಯ ಎಂಬ ಊರಿನ ಗ್ರಾಮೀಣ ಕಾರ್ಮಿಕರ ಸಂಘದ ಕಾರ್ಯದರ್ಶಿಯಾದರು. ಸಂಘದ ನಾಯಕ ವಿಲ್ಸನ್ ಪಿನ್ಯೇರೊ.

ಅವರ ಹೋರಾಟದ ರೀತಿ ಸರಳವಾಗಿತ್ತು. ಮರ ಕಡಿಯುವ ಸುದ್ದಿ ಬಂದೊಡನೆ ಗಂಡಸರು, ಹೆಂಗಸರು, ಮಕ್ಕಳು ಕೂಡಿ ಹಾಡುತ್ತಾ ಕಾಡಿಗೆ ಹೋಗುವುದು, ಯಂತ್ರ ಗರಗಸದ ಎದುರು ನಿಲ್ಲುವುದು, ಕೂಲಿಗಳೊಡನೆ ಮಾತಾಡುವುದು. ಆ ಕೂಲಿಗಳೂ ಹೊಟ್ಟೆಪಾಡಿಗೆ ಬಂದ ಬಡವರೇ. ಅವರನ್ನು ವೈರಿಗಳೆಂದು ಕಾಣದೆ, ಕೆಲಸ ಬಿಟ್ಟು ತಮ್ಮೊಡನೆ ನಿಲ್ಲಿರೆಂದು ಕೇಳಿಕೊಳ್ಳುತ್ತಿದ್ದರು. ಎಷ್ಟೋ ಸಲ ಕೂಲಿಗಳು ಗರಗಸ ಕೆಳಗಿಟ್ಟು ಹೊರಟುಹೋದರು. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. 1980ರ ಜುಲೈ 21ರಂದು ಪಿನ್ಯೇರೊ ಅವರನ್ನು ಸಂಘದ ಕಚೇರಿಯಲ್ಲೇ ಗುಂಡಿಟ್ಟು ಕೊಂದರು.

ಇನ್ನೊಂದು ಗೋಡೆ ಒಡೆಯುವುದು ಇದಕ್ಕಿಂತ ಕಷ್ಟವಾಗಿತ್ತು. ಕಾಡಿನ ಆದಿವಾಸಿಗಳಿಗೂ ಟ್ಯಾಪರುಗಳಿಗೂ ಹಳೆಯ ಹಗೆ. ಒಂದು ಕಾಲದಲ್ಲಿ ಧಣಿಗಳು ಟ್ಯಾಪರುಗಳ ಕೈಗೇ ಕೋವಿ ಕೊಟ್ಟು ಆದಿವಾಸಿಗಳನ್ನು ಕೊಲ್ಲಿಸಿದ್ದರು. ಸತ್ತವರ ನೆನಪು ಇಬ್ಬರನ್ನೂ ದೂರ ಇಟ್ಟಿತ್ತು. ಆದರೆ ಇಬ್ಬರ ಮನೆಯನ್ನೂ ಸುಡುವ ಬೆಂಕಿ ಒಂದೇ ಎಂದು ಚಿಕೊ ಕಂಡುಕೊಂಡರು. ಅತ್ತ ಆದಿವಾಸಿ ನಾಯಕ ಐಲ್ಟನ್ ಕ್ರೆನಾಕ್ ಮೊದಲಾದವರು ಕೈ ಚಾಚಿದರು. ಹಾಗೆ ಹುಟ್ಟಿದ್ದೇ ಕಾಡಿನ ಜನರ ಮೈತ್ರಿಕೂಟ.

1985ರಲ್ಲಿ ರಾಜಧಾನಿ ಬ್ರಸೀಲಿಯಾದಲ್ಲಿ ಟ್ಯಾಪರುಗಳ ಮೊದಲ ರಾಷ್ಟ್ರೀಯ ಸಭೆ ನಡೆಯಿತು. ಅಲ್ಲಿ ಅವರು ಕೇಳಿದ್ದು ತುಂಡು ಭೂಮಿಯನ್ನಲ್ಲ. ಕಾಡು ಸರ್ಕಾರದ ಹೆಸರಿನಲ್ಲೇ ಇರಲಿ, ಆದರೆ ಅದನ್ನು ಕಾಯುವ ಹೊಣೆಯೂ, ಅದರ ರಬ್ಬರ್ ಮತ್ತು ಕಾಯಿಗಳಿಂದ ಬದುಕುವ ಹಕ್ಕೂ ಅಲ್ಲಿನ ಜನರಿಗಿರಲಿ ಎಂಬುದು ಅವರ ಬೇಡಿಕೆ.

ಅದೇ ಸಮಯದಲ್ಲಿ ಪೋರ್ತೊ ವೆಲ್ಯೊ ನಗರದಿಂದ ಆಕ್ರೆಯ ರಾಜಧಾನಿ ರಿಯೊ ಬ್ರಾಂಕೊವರೆಗೆ ಹೆದ್ದಾರಿಗೆ ಡಾಂಬರು ಹಾಕಲು ಅಮೆರಿಕ ಖಂಡದ ರಾಷ್ಟ್ರಗಳ ಅಭಿವೃದ್ಧಿ ಬ್ಯಾಂಕು ಸಾಲ ಕೊಡುತ್ತಿತ್ತು. ರಸ್ತೆಯ ಹಿಂದೆಯೇ ಗರಗಸ ಬರುತ್ತದೆಂಬುದನ್ನು ಜನ ಪಕ್ಕದ ಪ್ರಾಂತ್ಯದಲ್ಲಿ ಕಂಡಿದ್ದರು. ಹೊರದೇಶದ ಪರಿಸರ ಗೆಳೆಯರ ನೆರವಿನಿಂದ ಚಿಕೊ 1987ರ ಮಾರ್ಚಿಯಲ್ಲಿ ಅಮೆರಿಕದ ಮಯಾಮಿಗೆ ಹೋಗಿ, ಬ್ಯಾಂಕಿನ ವಾರ್ಷಿಕ ಸಭೆಗೆ ಬಂದವರನ್ನು ಕಂಡು ಕಾಡಿನ ಕಥೆ ಹೇಳಿದರು. ಅಲ್ಲಿಂದ ವಾಷಿಂಗ್ಟನ್ನಿಗೂ ಹೋದರು. ಸಾಲದ ಹಣ ಕೆಲಕಾಲ ನಿಂತಿತು. ಅದೇ ವರ್ಷ ವಿಶ್ವಸಂಸ್ಥೆಯ ಪರಿಸರ ವಿಭಾಗ ಅವರಿಗೆ ಗ್ಲೋಬಲ್ 500 ಪ್ರಶಸ್ತಿ ನೀಡಿತು. ಊರಿಗೆ ಮರಳಿದಾಗ ಅಭಿವೃದ್ಧಿಯ ವಿರೋಧಿ ಎಂಬ ನಿಂದೆ ಕಾದಿತ್ತು. ರಸ್ತೆಯೇ ಬೇಡವೆಂದು ಅವರೇನೂ ಹೇಳಿರಲಿಲ್ಲ. ರಸ್ತೆಯ ಬದಿಯ ಜನರನ್ನು ಮರೆಯಬೇಡಿ ಎಂಬುದಷ್ಟೇ ಅವರ ಮಾತಾಗಿತ್ತು.

1988ರಲ್ಲಿ ಕಶೊಯೇರ ಎಂಬ ರಬ್ಬರ್ ಕಾಡನ್ನು ಕಡಿಯಲು ಬಂದ ದನಗಾವಲು ಮಾಲೀಕ ಡಾರ್ಲಿ ಆಲ್ವೆಸನನ್ನು ಜನ ತಡೆದರು. ಸರ್ಕಾರ ಆ ಕಾಡನ್ನು ಟ್ಯಾಪರುಗಳಿಗೇ ಬಿಟ್ಟುಕೊಟ್ಟಿತು. ಅಂದಿನಿಂದ ಕೊಲೆಬೆದರಿಕೆ ನಿತ್ಯದ ಮಾತಾಯಿತು. ಚಿಕೊ ಬೆದರಿಕೆಯ ವಿಷಯವನ್ನು ಅಧಿಕಾರಿಗಳಿಗೂ ಪತ್ರಿಕೆಗಳಿಗೂ ತಿಳಿಸಿದರು. ಕಾವಲಿಗೆ ಇಬ್ಬರು ಪೊಲೀಸರು ಬಂದರು. ಡಿಸೆಂಬರ್ 22ರ ಸಂಜೆ ಕಾವಲಿನವರು ಅಡುಗೆಮನೆಯಲ್ಲಿದ್ದರು. ಚಿಕೊ ಟವೆಲ್ ಹೆಗಲಿಗೆ ಹಾಕಿ ಸ್ನಾನಕ್ಕೆಂದು ಹಿತ್ತಿಲ ಬಾಗಿಲು ತೆರೆದರು. ಕತ್ತಲಿನಿಂದ ಬಂದ ಗುಂಡು ಎದೆಗೆ ತಾಗಿತು. ಮಡದಿ ಮತ್ತು ಇಬ್ಬರು ಪುಟ್ಟ ಮಕ್ಕಳು ಮನೆಯಲ್ಲೇ ಇದ್ದರು. ಅವರಿಗೆ ನಲವತ್ತನಾಲ್ಕು ತುಂಬಿ ಒಂದೇ ವಾರವಾಗಿತ್ತು. ಕ್ರಿಸ್ತಜಯಂತಿಯ ದಿನ ಅವರನ್ನು ಮಣ್ಣು ಮಾಡಿದರು.

ಲೋಕವೆಲ್ಲ ಬಲ್ಲ ಮನುಷ್ಯನನ್ನು ಅವರದೇ ಹಿತ್ತಿಲಲ್ಲಿ ಕಾಪಾಡಲಾಗಲಿಲ್ಲ. ಹಾಗಾದರೆ ದೂರದ ಸ್ನೇಹದಿಂದ ಬಂದ ಫಲವೇನು ಎಂದು ನೀವು ಕೇಳಬಹುದು. ಆ ನಾಡಿನಲ್ಲಿ ಭೂಮಿಗಾಗಿ ನಡೆದ ಎಷ್ಟೋ ಕೊಲೆಗಳಿಗೆ ಶಿಕ್ಷೆಯೇ ಆಗಿರಲಿಲ್ಲ. ಈ ಸಲ ಲೋಕ ನೋಡುತ್ತಿತ್ತು. 1990ರ ಡಿಸೆಂಬರಿನಲ್ಲಿ ಡಾರ್ಲಿಗೂ ಗುಂಡು ಹಾರಿಸಿದ ಅವನ ಮಗನಿಗೂ ತಲಾ 19 ವರ್ಷ ಸಜೆಯಾಯಿತು. ಅದೇ ವರ್ಷದ ಮಾರ್ಚಿಯಲ್ಲಿ ಸುಮಾರು 9,70,000 ಹೆಕ್ಟೇರ್ ಕಾಡು ಚಿಕೊ ಮೆಂಡಿಸರ ಹೆಸರಿನಲ್ಲಿ ಜನರ ಮೀಸಲು ಕಾಡಾಯಿತು. ಅವರೊಡನೆ ದುಡಿದ, ಟ್ಯಾಪರ್ ಕುಟುಂಬದ ಮಗಳು ಮರೀನಾ ಸಿಲ್ವ 2003ರಲ್ಲಿ ಬ್ರೆಜಿಲಿನ ಪರಿಸರ ಸಚಿವೆಯಾದರು, 2023ರಲ್ಲಿ ಮತ್ತೊಮ್ಮೆ ಆದರು. ಹಾಗೆಂದು ಎಲ್ಲವೂ ಸರಿಹೋಯಿತೆಂದಲ್ಲ. ಆ ಮೀಸಲು ಕಾಡಿನೊಳಗೂ ದನದ ಹುಲ್ಲಿಗಾಗಿ ಮರ ಉರುಳುವುದು ನಿಂತಿಲ್ಲ. 2005ರಲ್ಲಿ ಅದೇ ಅಮೆಜಾನಿನ ಇನ್ನೊಂದು ಮೂಲೆಯಲ್ಲಿ, ಬಡ ರೈತರ ಪರವಾಗಿ ನಿಂತ ಸಿಸ್ಟರ್ ಡೊರೊಥಿ ಸ್ಟ್ಯಾಂಗ್ ಕೂಡ ಗುಂಡಿಗೆ ಬಲಿಯಾದರು. ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಅಮೆಜಾನಿಗಾಗಿಯೇ ಸಿನೊಡ್ ಕರೆದದ್ದು ಇಂಥವರ ನೋವು ಇನ್ನೂ ಮುಗಿದಿಲ್ಲವಾದ್ದರಿಂದ.

ಚಿಕೊ ಮೆಂಡಿಸರು ಪೀಠದ ಮೇಲಿಟ್ಟು ಪೂಜಿಸುವ ಸಂತರಲ್ಲ, ಸಂಘ ಕಟ್ಟಿದ ಕಾರ್ಮಿಕ. ಆದರೂ ಅವರಿಂದ ನಾವು ಕಲಿಯುವುದಿದೆ. ಗರಗಸ ಹಿಡಿದ ಕೂಲಿ, ಹಳೆಯ ಹಗೆಯ ಆದಿವಾಸಿ, ಭಾಷೆಯೇ ತಿಳಿಯದ ಪರದೇಶಿ, ಇವರೆಲ್ಲರ ಬಳಿಗೆ ಅವರೇ ಮೊದಲು ನಡೆದು ಹೋದರು. ನಮ್ಮ ನೆರೆಯವನು ಯಾರು ಎಂಬ ಪ್ರಶ್ನೆ ನಮಗೆ ಶುಭಸಂದೇಶದಿಂದ ಗೊತ್ತು. ಇಂದು ರಾತ್ರಿ ಜಪಸರ ಮುಗಿಸಿ ಊಟಕ್ಕೆ ಕುಳಿತಾಗ ಈ ಪ್ರಶ್ನೆಯನ್ನು ಮನೆಯಲ್ಲಿ ಒಮ್ಮೆ ಕೇಳಿ ನೋಡಿ: ಬೇಲಿಯ ಆಚೆ, ಮಾತು ಬಿಟ್ಟು ವರ್ಷಗಳಾದ ಯಾರ ಮನೆಗೆ ನಾವು ಮೊದಲು ಹೋಗಬೇಕಾಗಿದೆ?